ರೀಮ್ಯಾಪ್ ಆದ ಮೇಲೆ ಪಿಕಪ್ ನಿಜವಾಗಿ ಜಾಸ್ತಿ ಆಯ್ತಾ? ಅಳೆಯುವ ದಾರಿಗಳಲ್ಲಿ ಯಾವುದು ಯಾರಿಗೆ

ದಾವಣಗೆರೆಯ ಪಿ.ಬಿ. ರಸ್ತೆಯಲ್ಲಿ ಯಾವ ಗ್ಯಾರೇಜಿನ ಮುಂದೆ ನಿಂತರೂ ಒಂದು ಮಾತು ಕಿವಿಗೆ ಬೀಳುತ್ತದೆ. 'ಟ್ಯೂನಿಂಗ್ ಮಾಡಿಸಿದೆ ಅಣ್ಣ, ಗಾಡಿ ಈಗ ಹಾರುತ್ತೆ.' ಟ್ಯೂನಿಂಗ್ ಅಂದರೆ ಎಂಜಿನ್ ನಡೆಸುವ ಕಂಪ್ಯೂಟರಿನ (ಇಸಿಯು) ಒಳಗಿನ ಲೆಕ್ಕ ತಿದ್ದುವುದು, ಅದಕ್ಕೇ ರೀಮ್ಯಾಪ್ ಅನ್ನೋದು, ಇಲ್ಲವೇ ಅದಕ್ಕೆ ಒಂದು ಟ್ಯೂನಿಂಗ್ ಬಾಕ್ಸ್ ಸಿಕ್ಕಿಸುವುದು. ಎಷ್ಟು ಹಾರುತ್ತೆ ಅಂತ ಕೇಳಿದರೆ ಬಾಕ್ಸಿನ ಮೇಲೆ ಅಚ್ಚಾದ ನಂಬರ್ ಹೇಳುತ್ತಾರೆ. 20 ಬಿಎಚ್‌ಪಿ ಪವರ್, 50 ಎನ್‌ಎಂ ಟಾರ್ಕ್ (ತಿರುಗಿಸುವ ಬಲ), ಹೀಗೆ. ಆ ನಂಬರ್ ಯಾವ ಕಾರಿನಲ್ಲಿ, ಯಾವ ಊರಿನಲ್ಲಿ, ಯಾವ ಯಂತ್ರದ ಮೇಲೆ ಬಂತು ಅಂತ ಯಾರೂ ಕೇಳಲ್ಲ.

ಅಳೆಯೋಕೆ ದಾರಿಗಳಿವೆ. ಸೀಟಿನಲ್ಲಿ ಕೂತು ಅಂದಾಜು ಮಾಡುವುದು, ಮೊಬೈಲ್ ಆ್ಯಪ್, ಒಬಿಡಿ ಡಾಂಗಲ್ (ಗಾಡಿಯ ಕಂಪ್ಯೂಟರ್ ಹೇಳುವುದನ್ನು ಓದುವ ಸಣ್ಣ ಸಾಧನ), ಜಿಪಿಎಸ್ ಬಾಕ್ಸ್ (ಉಪಗ್ರಹದ ಸಿಗ್ನಲ್‌ನಿಂದ ವೇಗ ಅಳೆಯುವ ಸಾಧನ), ಡೈನೊ (ಚಕ್ರಕ್ಕೆ ಬರುವ ಪವರ್ ಅಳೆಯುವ ಯಂತ್ರ), ಡ್ರ್ಯಾಗ್ ಸ್ಟ್ರಿಪ್ (ನೇರ ಓಟದ ರೇಸ್ ಟ್ರ್ಯಾಕ್). ನನ್ನ ತೀರ್ಪು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಕಡೆ ಬಹುತೇಕರಿಗೆ ಜಿಪಿಎಸ್ ಬಾಕ್ಸ್ ಸಾಕು, ಜೊತೆಗೆ ಒಂದು ಒಬಿಡಿ ಡಾಂಗಲ್ ಇದ್ದರೆ ಇನ್ನೂ ಒಳ್ಳೆಯದು. ಡೈನೊ ಕೆಲವರಿಗೆ ಮಾತ್ರ. ಉಳಿದವು ಹರಟೆಗೆ ಸರಿ.

ಯಾವ ದಾರಿ ಹಿಡಿದರೂ ಒಂದು ಷರತ್ತು ಇದೆ. ಕೆಲಸ ಮಾಡಿಸುವ ಮೊದಲು ಅಳೆಯಬೇಕು. ಜನ ಇದನ್ನೇ ಮರೆಯುತ್ತಾರೆ. ರೀಮ್ಯಾಪ್ ಮುಗಿದ ಮೇಲೆ ಡೈನೊಗೆ ಹೋಗಿ 'ನನ್ನ ಗಾಡಿ ಈಗ ಇಷ್ಟು' ಅಂತ ಶೀಟ್ ತರುತ್ತಾರೆ. ಮೊದಲು ಎಷ್ಟಿತ್ತು? ಕಂಪನಿಯ ಕರಪತ್ರದಲ್ಲಿರುವ ನಂಬರ್ ಎಂಜಿನ್ನಿನದು, ಡೈನೊ ತೋರಿಸುವುದು ಚಕ್ರದ್ದು. ಗೇರ್‌ಬಾಕ್ಸ್, ಡ್ರೈವ್ ಶಾಫ್ಟ್, ಟೈರು ಸೇರಿ ನಡುವೆ ಸುಮಾರು 10ರಿಂದ 15 ಶೇಕಡಾ ತಿಂದುಹಾಕುತ್ತವೆ. ಹಾಗಾಗಿ ಅವೆರಡನ್ನೂ ಪಕ್ಕಪಕ್ಕ ಇಟ್ಟು ಲೆಕ್ಕ ಹಾಕಿದರೆ ಏನೂ ಗೊತ್ತಾಗಲ್ಲ.

ಸೀಟಿನ ಅನುಭವ

ಖರ್ಚಿಲ್ಲ, ನಂಬಿಕೆಯೂ ಇಲ್ಲ. ಇದಕ್ಕೆ ಒಳ್ಳೆ ಸಾಕ್ಷಿ ಎಕ್ಸಿಲರೇಟರ್ ಪೆಡಲ್‌ಗೆ ಹಾಕುವ ಆ ಸಣ್ಣ ಬಾಕ್ಸ್. ಪೆಡಲ್ ಸೆನ್ಸರಿಗೂ ಇಸಿಯುಗೂ ನಡುವೆ ಅದನ್ನು ಸಿಕ್ಕಿಸುತ್ತಾರೆ. ನೀವು ಅರ್ಧ ಒತ್ತಿದರೆ ಅದು ಇಸಿಯುಗೆ 'ಮುಕ್ಕಾಲು ಒತ್ತಿದ್ದಾರೆ' ಅಂತ ಹೇಳುತ್ತದೆ. ಗಾಡಿ ತಟ್ಟನೆ ಮುಂದೆ ನೆಗೆಯುತ್ತದೆ, ನಿಮಗೆ ಪವರ್ ಬಂತು ಅನ್ನಿಸುತ್ತದೆ. ಪೂರ್ತಿ ಒತ್ತಿ ಸಮಯ ನೋಡಿ, ಮೊದಲಿನಷ್ಟೇ ಇರುತ್ತದೆ. ಎಂಜಿನ್ನಿಗೆ ಒಂದು ಹನಿ ಇಂಧನವೂ ಹೆಚ್ಚು ಹೋಗಿಲ್ಲ, ಒಂದಿಷ್ಟು ಗಾಳಿಯೂ ಹೆಚ್ಚು ಹೋಗಿಲ್ಲ. ಸಿಟಿ ಟ್ರಾಫಿಕ್‌ನಲ್ಲಿ ಗಾಡಿ ಚುರುಕಾಗಿರಲಿ ಅಂತ ಬೇಕಿದ್ದರೆ ಹಾಕಿಸಿಕೊಳ್ಳಿ, ತಪ್ಪಿಲ್ಲ. ಅದನ್ನು ಟ್ಯೂನಿಂಗ್ ಅಂತ ಮಾತ್ರ ಕರೆಯಬೇಡಿ.

ಸದ್ದು ಜಾಸ್ತಿ ಮಾಡುವ ಸೈಲೆನ್ಸರ್ ಕಥೆಯೂ ಇದೇ. ಕಿವಿ ಹೇಳಿದ್ದನ್ನು ಬೆನ್ನು ನಂಬುತ್ತದೆ.

ಮೊಬೈಲ್ ಆ್ಯಪ್

ಬಹಳಷ್ಟು ಫೋನ್‌ಗಳ ಜಿಪಿಎಸ್ ಸೆಕೆಂಡಿಗೆ ಒಂದೇ ಸಲ ವೇಗ ಕೊಡುತ್ತದೆ. ನೀವು ಹುಡುಕುತ್ತಿರುವ ವ್ಯತ್ಯಾಸ ಅರ್ಧ ಸೆಕೆಂಡಿನದು. ಅದು ಇದರ ಕೈಗೆ ಸಿಗಲ್ಲ. ಒಂದು ಉಪಯೋಗ ಇದೆ, ಸ್ಪೀಡೋಮೀಟರ್ ಎಷ್ಟು ಸುಳ್ಳು ಹೇಳುತ್ತದೆ ಅಂತ ನೋಡಬಹುದು. ವಿಶ್ವಸಂಸ್ಥೆಯ ವಾಹನ ನಿಯಮದ ಪ್ರಕಾರ ಮೀಟರ್ ನಿಜ ವೇಗಕ್ಕಿಂತ ಕಡಿಮೆ ತೋರಿಸುವ ಹಾಗಿಲ್ಲ, 10 ಶೇಕಡಾ ಮತ್ತು ಅದರ ಮೇಲೆ 4 ಕಿ.ಮೀ. ತನಕ ಹೆಚ್ಚು ತೋರಿಸಬಹುದು. ಅದಕ್ಕೇ ಎಲ್ಲ ಕಂಪನಿಯವರೂ ಸ್ವಲ್ಪ ಹೆಚ್ಚೇ ತೋರಿಸುತ್ತಾರೆ. ಮೀಟರ್ ನೋಡಿಕೊಂಡು, ಪಕ್ಕದಲ್ಲಿ ಕೂತವನ ಕೈಗೆ ಸ್ಟಾಪ್‌ವಾಚ್ ಕೊಟ್ಟು 0-100 ಅಳೆಯುವವರು ನಿಜವಾಗಿ ಅಳೆಯುತ್ತಿರುವುದು 0ಯಿಂದ 94-95ರ ತನಕ ಇರಬಹುದು.

ಒಬಿಡಿ ಡಾಂಗಲ್

ಸ್ಟೀರಿಂಗ್ ಕೆಳಗಿನ ಪೋರ್ಟ್‌ಗೆ ಸಿಕ್ಕಿಸುವ ಬ್ಲೂಟೂತ್ ಡಾಂಗಲ್. ಇಎಲ್‌ಎಂ327 ಅಂತ ಬರೆದಿರುವ ನಕಲಿಗಳು ಅಗ್ಗಕ್ಕೆ ಸಿಗುತ್ತವೆ. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕೆಂದರೆ ಜನ ಇದರಿಂದ ತಪ್ಪು ಕೆಲಸ ಮಾಡಿಸುತ್ತಾರೆ, ಸರಿಯಾದ ಕೆಲಸ ಬಿಟ್ಟುಬಿಡುತ್ತಾರೆ.

ತಪ್ಪು ಕೆಲಸ ಅಂದರೆ ಪವರ್ ಅಳೆಯುವುದು. ಒಬಿಡಿಯಲ್ಲಿ ಬರುವ ವೇಗಕ್ಕೆ ದಶಮಾಂಶ ಇಲ್ಲ, 57 ಆದಮೇಲೆ 58. ಅಗ್ಗದ ಡಾಂಗಲ್‌ನಲ್ಲಿ ಸೆಕೆಂಡಿಗೆ ಕೆಲವೇ ಓದುವಿಕೆ ಬರುತ್ತವೆ, ಒಂದೇ ಸಲ ಹತ್ತು ವಿಷಯ ಕೇಳಿದರೆ ಇನ್ನೂ ನಿಧಾನ. ಆ್ಯಪ್ ತೋರಿಸುವ ಟಾರ್ಕ್ ಇಸಿಯು ತನ್ನ ಒಳಗಿನ ಕೋಷ್ಟಕದಿಂದ ಲೆಕ್ಕ ಹಾಕಿದ್ದು. ಆ ಕೋಷ್ಟಕವನ್ನೇ ಅಲ್ವಾ ರೀಮ್ಯಾಪ್‌ನಲ್ಲಿ ಬದಲಾಯಿಸಿದ್ದು? ಇನ್ನು ಡೀಸೆಲ್‌ಗೆ ಹಾಕುವ ಟ್ಯೂನಿಂಗ್ ಬಾಕ್ಸ್ ಮಾಡುವುದು ಸಾಮಾನ್ಯವಾಗಿ ಇಷ್ಟು: ಕಾಮನ್ ರೈಲ್‌ನ (ಡೀಸೆಲನ್ನು ಒತ್ತಡದಲ್ಲಿ ಹಿಡಿದಿಡುವ ಪೈಪಿನ) ಒತ್ತಡದ ಸೆನ್ಸರ್ ಕಳಿಸುವ ಸಿಗ್ನಲ್ಲನ್ನು ನಡುವೆ ಹಿಡಿದು, ಒತ್ತಡ ಕಡಿಮೆ ಇದೆ ಅಂತ ಇಸಿಯುಗೆ ಹೇಳುತ್ತದೆ. ಇಸಿಯು ನಂಬಿ ಒತ್ತಡ ಏರಿಸುತ್ತದೆ, ಡೀಸೆಲ್ ಜಾಸ್ತಿ ಒಳಗೆ ಹೋಗುತ್ತದೆ. ನೀವು ಡಾಂಗಲ್ ಹಾಕಿ ರೈಲ್ ಪ್ರೆಷರ್ ನೋಡಿದರೆ ಎಲ್ಲ ಮಾಮೂಲಾಗಿ ಕಾಣುತ್ತದೆ. ಇಸಿಯುಗೆ ಹೇಳಿದ ಸುಳ್ಳನ್ನೇ ನಿಮಗೂ ತೋರಿಸುತ್ತಿದೆ, ಅಷ್ಟೆ. ಗಾಳಿ ಅಳೆಯುವ ಎಂಎಎಫ್ ಸೆನ್ಸರ್ ಕೂರುವ ಪೈಪಿನ ಅಗಲ ಬದಲಾಗಿದ್ದರೂ ಹೀಗೇ, ಓದುವಿಕೆ ದಾರಿ ತಪ್ಪುತ್ತದೆ.

ಸರಿಯಾದ ಕೆಲಸ ಏನು ಅಂದರೆ, ಗಾಡಿಯ ಆರೋಗ್ಯ ನೋಡುವುದು. ಒಳಗೆ ಹೋಗುವ ಗಾಳಿಯ ಉಷ್ಣಾಂಶ, ಟರ್ಬೊ ಬೂಸ್ಟ್ (ಟರ್ಬೊ ಒಳಗೆ ತಳ್ಳುವ ಗಾಳಿಯ ಒತ್ತಡ), ಪೆಟ್ರೋಲ್ ಗಾಡಿಯಾದರೆ ಇಗ್ನಿಷನ್ ಟೈಮಿಂಗ್ (ಕಿಡಿ ಹೊತ್ತುವ ಕ್ಷಣ) ಹಿಂದೆ ಸರಿಯುತ್ತಿದೆಯಾ ಅಂತ. ಇನ್ನೊಂದು ಇದೆ, ಅದನ್ನು ಯಾರೂ ನೋಡಲ್ಲ. ಆರ್‌ಪಿಎಂ ಅನ್ನು ವೇಗದಿಂದ ಭಾಗಿಸಿ. ಒಂದೇ ಗೇರಿನಲ್ಲಿ ಇರುವಾಗ ಆ ಉತ್ತರ ಬದಲಾಗಬಾರದು. ಮೂರನೇ ಗೇರಿನಲ್ಲಿ 50ರ ವೇಗದಲ್ಲಿ 2000 ಆರ್‌ಪಿಎಂ ಇದ್ದರೆ 75ರಲ್ಲಿ 3000 ಇರಬೇಕು. 3200 ತೋರಿಸಿತು ಅಂದರೆ ಕ್ಲಚ್ ಜಾರುತ್ತಿದೆ. ಲಕ್ಷ ಕಿ.ಮೀ. ಓಡಿದ ಡೀಸೆಲ್ ಗಾಡಿಗೆ ಹಳೇ ಕ್ಲಚ್ ಮೇಲೇ 50 ಎನ್‌ಎಂ ಹೇರಿದರೆ ಹೀಗಾಗುವುದು ಮಾಮೂಲು. ಎಂಜಿನ್ ಚೀರುತ್ತದೆ, ಓನರ್‌ಗೆ ಖುಷಿ, ಗಾಡಿ ಮಾತ್ರ ಮೊದಲಿನಷ್ಟೇ ಓಡುತ್ತಿರುತ್ತದೆ.

ಜಿಪಿಎಸ್ ಬಾಕ್ಸ್

ಡ್ರ್ಯಾಗಿ, ರೇಸ್‌ಲಾಜಿಕ್ ಕಂಪನಿಯ ವಿಬಾಕ್ಸ್, ಪರ್ಫಾರ್ಮೆನ್ಸ್ ಬಾಕ್ಸ್ ಅಂತ ಬರುತ್ತವೆ. ಸೆಕೆಂಡಿಗೆ 10 ಸಲ, ಕೆಲವು 20 ಸಲ, ಹೊಸವು ಇನ್ನೂ ಹೆಚ್ಚು ಸಲ ವೇಗ ಓದುತ್ತವೆ. ಡ್ಯಾಶ್‌ಬೋರ್ಡ್ ಮೇಲಿಟ್ಟರೆ ಆಯಿತು, ಗಾಡಿಯ ಯಾವ ವೈರಿಗೂ ಸಂಬಂಧವಿಲ್ಲ, ಹಾಗಾಗಿ ರೀಮ್ಯಾಪ್ ಅದನ್ನು ಮೋಸ ಮಾಡಲಾರದು. ನಾಲ್ಕು ಜನ ಗೆಳೆಯರು ಸೇರಿ ಒಂದು ತಗೊಂಡರೂ ಸಾಕು.

0-100 ಅಳೆಯಬೇಡಿ. ಅಲ್ಲಿ ಕ್ಲಚ್ ಬಿಡುವ ಕಾಲು, ಟೈರಿನ ಹಿಡಿತ, ಗೇರ್ ಹಾಕುವ ಕೈ ಎಲ್ಲ ಸೇರಿಕೊಳ್ಳುತ್ತವೆ. ಕೆಲವು ಬಾಕ್ಸ್‌ಗಳಲ್ಲಿ ಮೊದಲ ಒಂದು ಅಡಿ ಓಡಿದ ಮೇಲೆ ಗಡಿಯಾರ ಶುರು ಮಾಡುವ ಆಯ್ಕೆಯೂ ಇರುತ್ತದೆ, ಅದನ್ನು ಒತ್ತಿಕೊಂಡರೆ ಪುಕ್ಕಟೆಯಾಗಿ 0.2-0.3 ಸೆಕೆಂಡ್ ಸಿಗುತ್ತದೆ. ಇನ್‌ಸ್ಟಾಗ್ರಾಂನಲ್ಲಿ ಹಾಕೋರು ಇದನ್ನು ಹೇಳಲ್ಲ. ಬದಲಿಗೆ ಮೂರನೇ ಗೇರಿನಲ್ಲೇ ಇಟ್ಟು 40ರಿಂದ 80 ಅಳೆಯಿರಿ. 35ರಲ್ಲಿ ಸ್ಥಿರವಾಗಿ ಹೋಗುತ್ತಾ, ಪೆಡಲ್ ಪೂರ್ತಿ ಒತ್ತಿ, 85ರಲ್ಲಿ ಬಿಡಿ. ಬೋರ್ಡಿನ ವೇಗದ ಮಿತಿ ಅದಕ್ಕೆ ಅವಕಾಶ ಕೊಡುವ ಕಡೆ ಮಾತ್ರ.

ಈ ಸಮಯದಿಂದ ಪವರ್ ಲೆಕ್ಕ ಹಾಕೋದು ಹೈಸ್ಕೂಲಿನ ಭೌತಶಾಸ್ತ್ರ. ಡ್ರೈವರ್ ಸೇರಿ 1200 ಕೆಜಿ ಇರುವ ಕಾರು 40ರಿಂದ 80ಕ್ಕೆ ಏರಲು ಸುಮಾರು 2.22 ಲಕ್ಷ ಜೂಲ್ ಶಕ್ತಿ ಬೇಕು. 6 ಸೆಕೆಂಡಿನಲ್ಲಿ ಏರಿದರೆ ಸರಾಸರಿ 37 ಕಿಲೊವ್ಯಾಟ್, ಅಂದರೆ ಸುಮಾರು 50 ಪಿಎಸ್ (ಹೆಚ್ಚುಕಡಿಮೆ ಬಿಎಚ್‌ಪಿಯಷ್ಟೇ ಇರುವ ಅಳತೆ). 5.5 ಸೆಕೆಂಡಿನಲ್ಲಿ ಏರಿದರೆ 40.4 ಕಿಲೊವ್ಯಾಟ್, ಸುಮಾರು 55 ಪಿಎಸ್. ಗಾಳಿಗೆ, ಟೈರಿಗೆ ಹೋಗುವುದು ಬೇರೆ. ಅದು ಎರಡೂ ಸಲ ಹೆಚ್ಚುಕಡಿಮೆ ಒಂದೇ ಇರುತ್ತದೆ, ಹಾಗಾಗಿ ಹೋಲಿಕೆಗೆ ತೊಂದರೆ ಇಲ್ಲ. ಇದು ಆ ವೇಗಗಳ ನಡುವಿನ ಸರಾಸರಿ ಅನ್ನುವುದು ನೆನಪಿರಲಿ, ಕರಪತ್ರದಲ್ಲಿ ಬರೆಯುವ ಅತಿ ಹೆಚ್ಚಿನ ಪವರ್ ಅಲ್ಲ. ದಿನಾ ಓಡಿಸೋಕೆ ಈ ಸರಾಸರಿಯೇ ಮುಖ್ಯ.

ಈಗ ನೋಡಿ, ಆ ಅರ್ಧ ಸೆಕೆಂಡನ್ನು ಏನೇನು ತಿನ್ನಬಹುದು ಅಂತ. 70 ಕೆಜಿ ಗೆಳೆಯ ಪಕ್ಕದಲ್ಲಿ ಕೂತರೆ 6 ಸೆಕೆಂಡ್ ಹೋಗಿ 6.35 ಆಗುತ್ತದೆ. ಕಣ್ಣಿಗೆ ಸಮತಟ್ಟಾಗಿ ಕಾಣುವ ರಸ್ತೆಯಲ್ಲಿ 1 ಶೇಕಡಾ ಏರು ಇದ್ದರೆ, ಅಂದರೆ 100 ಮೀಟರಿಗೆ ಒಂದು ಮೀಟರ್, 60ರ ವೇಗದಲ್ಲಿ ಸುಮಾರು 2.7 ಪಿಎಸ್ ಅದಕ್ಕೇ ಹೋಗುತ್ತದೆ. ನೀವು ದುಡ್ಡು ಕೊಟ್ಟು ತಂದ 5 ಪಿಎಸ್‌ನಲ್ಲಿ ಅರ್ಧಕ್ಕಿಂತ ಜಾಸ್ತಿ. ಚಿತ್ರದುರ್ಗದ ಸುತ್ತ ಸಮತಟ್ಟಾದ ರಸ್ತೆ ಹುಡುಕೋದೇ ಕಷ್ಟ, ದಾವಣಗೆರೆ ಕಡೆ ಬಂದರೆ ಪರವಾಗಿಲ್ಲ. ಎಲ್ಲಿ ಮಾಡಿದರೂ ಅದೇ ಕಿಲೋಮೀಟರ್ ಕಲ್ಲಿನಿಂದ ಶುರು ಮಾಡಿ, ಎರಡೂ ದಿಕ್ಕಿಗೆ ಓಡಿಸಿ ಸರಾಸರಿ ತೆಗೆಯಿರಿ. ಒಳ್ಳೆ ಬಾಕ್ಸ್‌ಗಳು ಇಳಿಜಾರು ಎಷ್ಟಿತ್ತು ಅಂತ ತಾವೇ ತೋರಿಸುತ್ತವೆ.

ಗಾಳಿಯ ವಿಷಯದಲ್ಲಿ ದುರ್ಗದವರಿಗೆ ಒಂದು ಅನುಕೂಲ ಇದೆ. ಜೋಗಿಮಟ್ಟಿ ಕಡೆಯ ಗುಡ್ಡಗಳ ಮೇಲಿನ ಗಾಳಿಯಂತ್ರ ಜೋರಾಗಿ ತಿರುಗುತ್ತಿದ್ದರೆ ಅವತ್ತು ಬಾಕ್ಸ್ ಹೊರಗೆ ತೆಗೆಯಲೇಬೇಡಿ. 80ರ ವೇಗದಲ್ಲಿ ಹೋಗುವಾಗ ಎದುರಿನಿಂದ 15 ಕಿ.ಮೀ. ವೇಗದ ಗಾಳಿ ಬೀಸಿದರೆ ಗಾಳಿಯ ಪ್ರತಿರೋಧ ಸುಮಾರು 40 ಶೇಕಡಾ ಏರುತ್ತದೆ. ಮುಂಗಾರಿನ ತಿಂಗಳುಗಳಲ್ಲಿ ಇಲ್ಲಿ ಸುಮ್ನೆ ನಿಂತರೂ ಗಾಳಿ ತಳ್ಳುತ್ತದೆ, ಇನ್ನು ಅಳತೆ ಎಲ್ಲಿ ಬಂತು.

ಬಿಸಿಲಿನದು ಇನ್ನೂ ದೊಡ್ಡ ಆಟ. ಏಪ್ರಿಲ್ ಮಧ್ಯಾಹ್ನ 38 ಡಿಗ್ರಿಯಲ್ಲಿ 'ಮೊದಲು' ಅಳೆದು, ಡಿಸೆಂಬರ್ ಬೆಳಗ್ಗೆ 15 ಡಿಗ್ರಿಯಲ್ಲಿ 'ಆಮೇಲೆ' ಅಳೆದರೆ, ಏನೂ ಮಾಡಿಸದ ಕಾರೂ 4 ಶೇಕಡಾದಷ್ಟು ಚುರುಕಾಗಿರುತ್ತದೆ. ತಂಪು ಗಾಳಿ ಸುಮಾರು 7-8 ಶೇಕಡಾ ದಟ್ಟವಾಗಿರುವುದೇ ಕಾರಣ. ಏರ್ ಫಿಲ್ಟರ್ ಮಾರುವವರಿಗೆ ಚಳಿಗಾಲ ಒಳ್ಳೆ ಸೀಸನ್ ಅಂತ ನಾನು ತಮಾಷೆಗೆ ಹೇಳುವುದುಂಟು.

ಹಾಗಾಗಿ ಒಂದೇ ಬೆಳಗ್ಗೆ ಎಲ್ಲ ಮುಗಿಸಬೇಕು. ಟ್ಯೂನಿಂಗ್ ಬಾಕ್ಸ್ ಆದರೆ ಸುಲಭ. ಬಾಕ್ಸ್ ಇಲ್ಲದೆ ಅಳೆಯಿರಿ, ಹಾಕಿ ಅಳೆಯಿರಿ, ಮತ್ತೆ ಕಿತ್ತು ಅಳೆಯಿರಿ. ಮೂರನೆಯದು ಮೊದಲನೆಯದಕ್ಕೆ ಹತ್ತಿರ ಬಂದರೆ ಮಾತ್ರ ನಡುವಿನದನ್ನು ನಂಬಿ. ರೀಮ್ಯಾಪ್ ಆದರೆ ಟ್ಯೂನರ್ ಲ್ಯಾಪ್‌ಟಾಪ್ ಸಮೇತ ಜೊತೆಗೆ ಬರಬೇಕು, ಒಳ್ಳೆಯವರು ಬರುತ್ತಾರೆ. ಪ್ರತಿ ಓಟಕ್ಕೂ ಎಂಜಿನ್ ಒಂದೇ ಹದಕ್ಕೆ ಬಿಸಿಯಾಗಿರಲಿ, ಎಸಿ ಆಫ್ ಇರಲಿ, ಟೈರಿನ ಗಾಳಿ ಒಂದೇ ಇರಲಿ, ಅದೇ ಟ್ಯಾಂಕಿನ ಇಂಧನ ಇರಲಿ. ಓಟದ ಮೇಲೆ ಓಟ ಹೊಡೆದರೆ ಇಂಟರ್‌ಕೂಲರ್ (ಟರ್ಬೊದಿಂದ ಬರುವ ಗಾಳಿಯನ್ನು ತಣಿಸುವ ಭಾಗ) ಕಾದು ಟರ್ಬೊ ಗಾಡಿ ಸುಸ್ತಾಗುತ್ತದೆ, ನಡುವೆ ಎರಡು ಮೂರು ಕಿ.ಮೀ. ಆರಾಮಾಗಿ ಓಡಿಸಿ ತಣ್ಣಗಾಗಲು ಬಿಡಿ. ಒಂದೇ ಸ್ಥಿತಿಯಲ್ಲಿ ಮಾಡಿದ ಓಟಗಳೇ ಒಂದಕ್ಕೊಂದು 0.3 ಸೆಕೆಂಡ್ ಹಿಂದೆ ಮುಂದೆ ಬರುತ್ತಿದ್ದರೆ, 0.2 ಸೆಕೆಂಡ್ ಉಳಿತಾಯಕ್ಕೆ ಅರ್ಥ ಇಲ್ಲ. ಟ್ಯೂನರ್‌ಗಳು ಅತಿ ಒಳ್ಳೆ ಓಟ ಒಂದನ್ನೇ ತೋರಿಸುತ್ತಾರೆ, ನೀವು ಎಲ್ಲ ಓಟಗಳನ್ನೂ ಕೇಳಿ.

ಜಾಗದ ಬಗ್ಗೆ ಒಂದು ಮಾತು. ರಾಷ್ಟ್ರೀಯ ಹೆದ್ದಾರಿ 48 ಅಗಲವಾಗಿದೆ ಅಂತ ಅಲ್ಲೇ ಶುರು ಮಾಡಬೇಡಿ. ಭರಮಸಾಗರ, ಆನಗೋಡು ದಾಟುವಾಗ ರಾಂಗ್ ಸೈಡಿನಲ್ಲಿ ಬರುವ ಬೈಕು, ಟ್ರ್ಯಾಕ್ಟರ್ ನಿಮಗೆ ಗೊತ್ತಿರುವುದೇ. ಸುಗ್ಗಿ ಕಾಲದಲ್ಲಿ ಒಳರಸ್ತೆಗಳಲ್ಲಿ ಮೆಕ್ಕೆಜೋಳ ಹರಡಿರುತ್ತಾರೆ, ಅದರ ಮೇಲೆ ಟೈರ್ ಹೋದರೆ ಬ್ರೇಕ್ ಹಿಡಿಯಲ್ಲ. ಬೆಳಕು ಹರಿದ ಮೇಲೆ, ದೂರದ ತನಕ ಕಾಣುವ, ಅಡ್ಡರಸ್ತೆ ಇಲ್ಲದ ಕಡೆ, ಒಂದೇ ಗಾಡಿ. ಇಬ್ಬರು ಅಕ್ಕಪಕ್ಕ ಓಡಿಸಿ ನೋಡುವ ಹುಚ್ಚು ಬೇಡ, ಅದು ಮೋಟಾರು ವಾಹನ ಕಾಯ್ದೆಯ 189ನೇ ಸೆಕ್ಷನ್‌ಗೆ ಬರುತ್ತದೆ.

ಡೈನೊ

ಡೈನೊ ಬೇಕಂದರೆ ನಮಗೆ ಬೆಂಗಳೂರೇ ಹತ್ತಿರ. ದಾವಣಗೆರೆಯಿಂದ 260 ಕಿ.ಮೀ. ಆಸುಪಾಸು, ಹೆಬ್ಬಾಳು, ಗುಯಿಲಾಳು ಅಂತ ಟೋಲ್ ಕಟ್ಟಿಕೊಂಡು ಹೋಗಬೇಕು, ಡೀಸೆಲ್ ಬೇರೆ, ಒಂದು ದಿನದ ಕೆಲಸ ಬೇರೆ.

ಡೈನೊಗಳಲ್ಲಿ ಮುಖ್ಯವಾಗಿ ಎರಡು ಥರ. ಒಂದರಲ್ಲಿ ತೂಕ ಗೊತ್ತಿರುವ ದೊಡ್ಡ ರೋಲರ್ ಇರುತ್ತದೆ, ಚಕ್ರ ಅದನ್ನು ಎಷ್ಟು ಬೇಗ ತಿರುಗಿಸುತ್ತದೆ ಅನ್ನುವುದರಿಂದ ಪವರ್ ಲೆಕ್ಕ ಹಾಕುತ್ತದೆ. ಇನ್ನೊಂದರಲ್ಲಿ ವಿದ್ಯುತ್ಕಾಂತದ ಬ್ರೇಕ್ ಇರುತ್ತದೆ, ರೋಲರನ್ನು ಹಿಡಿದು ನಿಲ್ಲಿಸಿ ಲೋಡ್ ಕೊಡುತ್ತದೆ. ಟರ್ಬೊ ಡೀಸೆಲ್ ಗಾಡಿಯವರು ಎರಡನೆಯದನ್ನೇ ಹುಡುಕಿ. ರಸ್ತೆಯಲ್ಲಿ ಬರುವಂಥ ಲೋಡ್ ಇದ್ದರೇ ಬೂಸ್ಟ್ ಪೂರ್ತಿ ಏರುವುದು. ಒಂದು ಆರ್‌ಪಿಎಂನಲ್ಲಿ ಗಾಡಿಯನ್ನು ಹಿಡಿದಿಟ್ಟು ಟ್ಯೂನರ್ ನಂಬರ್ ತಿದ್ದಬಹುದು, ಈ ಸೌಕರ್ಯ ರಸ್ತೆಯಲ್ಲಿ ಸಿಗಲ್ಲ. ಡೈನೊದ ನಿಜವಾದ ಬೆಲೆ ಇರುವುದು ಇಲ್ಲೇ. ನಿಮ್ಮ ಗಾಡಿಗೇ ಅಂತ ಕೂತು ಫೈಲ್ ಬರೆಯುವುದಾದರೆ ಡೈನೊ ಬೇಕು. ಮೇಲ್‌ನಲ್ಲಿ ಬಂದ ರೆಡಿಮೇಡ್ ಸ್ಟೇಜ್ 1 ಫೈಲ್ (ಬಿಡಿಭಾಗ ಬದಲಾಯಿಸದೆ ಮಾಡುವ ರೀಮ್ಯಾಪ್) ತುಂಬಿಸಿ ಶೀಟ್ ಪ್ರಿಂಟ್ ತೆಗೆಯೋಕೆ ಅಷ್ಟು ದೂರ ಹೋಗಬೇಕಿಲ್ಲ.

ಎರಡು ಡೈನೊಗಳ ನಂಬರನ್ನು ಎಂದೂ ಹೋಲಿಸಬೇಡಿ. ಎಪಿಎಂಸಿಯಲ್ಲಿ ಒಂದೇ ಮೂಟೆಯನ್ನು ಎರಡು ಕಾಟಾದ ಮೇಲಿಟ್ಟು ಜಗಳ ಆಡಿದ ಹಾಗಾಗುತ್ತದೆ. ಪಟ್ಟಿ ಎಷ್ಟು ಬಿಗಿಯಾಗಿ ಕಟ್ಟಿದ್ದಾರೆ, ಟೈರಿನಲ್ಲಿ ಗಾಳಿ ಎಷ್ಟು, ಮುಂದಿನ ಫ್ಯಾನ್ ಎಷ್ಟು ದೊಡ್ಡದು, ಎಲ್ಲದರಿಂದಲೂ ನಂಬರ್ ಬದಲಾಗುತ್ತದೆ. ಮೊದಲಿನದೂ ಆಮೇಲಿನದೂ ಅದೇ ಡೈನೊ, ಅದೇ ದಿನ, ಅದೇ ಗೇರ್ ಆಗಿರಬೇಕು. ಚಕ್ರ ಬಿಚ್ಚಿ ಹಬ್‌ಗೇ ಜೋಡಿಸುವ ಡೈನೊ ಸಿಕ್ಕಿದರೆ ಟೈರಿನ ತಕರಾರು ತಪ್ಪುತ್ತದೆ.

ಶೀಟ್ ಕೈಗೆ ಬಂದಾಗ ದೊಡ್ಡ ಅಕ್ಷರದ ನಂಬರ್ ಬಿಟ್ಟು ಮೂಲೆಯಲ್ಲಿ ಸಣ್ಣದಾಗಿ ಬರೆದಿರುವುದನ್ನು ಓದಿ. ಅಲ್ಲಿ ಎಸ್‌ಎಇ, ಎಸ್‌ಟಿಡಿ ಅಥವಾ ಡಿಐಎನ್ ಅಂತ ಇರುತ್ತದೆ. ಹವಾಮಾನಕ್ಕೆ ತಕ್ಕಂತೆ ನಂಬರ್ ತಿದ್ದುವ ಪದ್ಧತಿಗಳು ಇವು. ಎಸ್‌ಎಇ ಜೆ1349 ಅನ್ನುವುದು 25 ಡಿಗ್ರಿ, 99 ಕಿಲೊಪ್ಯಾಸ್ಕಲ್ ಒಣ ಗಾಳಿಗೆ ಸರಿಹೊಂದಿಸುತ್ತದೆ. ಎಸ್‌ಟಿಡಿ ಅಂತ ಹಾಕಿದರೆ ಅದೇ ಓಟಕ್ಕೆ ಸುಮಾರು 4 ಶೇಕಡಾ ಜಾಸ್ತಿ ತೋರಿಸುತ್ತದೆ. ಮೊದಲಿನ ಶೀಟ್ ಎಸ್‌ಎಇ, ಆಮೇಲಿನದು ಎಸ್‌ಟಿಡಿ ಆಗಿದ್ದರೆ, 100ರ ಗಾಡಿ ಏನೂ ಮಾಡದೆ 104 ಆಗಿಬಿಡುತ್ತದೆ. ಪಿಎಸ್ ಮತ್ತು ಬಿಎಚ್‌ಪಿ ಬೆರೆಸುವುದೂ ಇದೆ, ಅದರಿಂದ ಇನ್ನೊಂದು 1.4 ಶೇಕಡಾ ಸಿಗುತ್ತದೆ. ಪಕ್ಕದಲ್ಲೇ ಸಿಎಫ್ ಅಂತ ಒಂದು ನಂಬರ್ ಇರುತ್ತದೆ, 1.08, 1.10 ಹೀಗೆ. ಅಳೆದದ್ದನ್ನು ಅಷ್ಟರಿಂದ ಗುಣಿಸಿದ್ದಾರೆ ಅಂತ ಅರ್ಥ. ಸುಮಾರು 920 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಗಾಳಿಯ ಒತ್ತಡ ಕಡಿಮೆ, ಟರ್ಬೊ ಇಲ್ಲದ ಪೆಟ್ರೋಲ್ ಗಾಡಿಗೆ ಈ ಗುಣಾಕಾರ ನ್ಯಾಯವೇ. ಟರ್ಬೊ ಗಾಡಿಗೆ ಅಲ್ಲ. ಟರ್ಬೊ ತಾನೇ ಜಾಸ್ತಿ ತಿರುಗಿ ಒತ್ತಡದ ಕೊರತೆಯನ್ನು ಬಹುಪಾಲು ತುಂಬಿಕೊಂಡಿರುತ್ತದೆ, ಅದರ ಮೇಲೆ ಮತ್ತೆ ಗುಣಿಸಿದರೆ ಪುಕ್ಕಟೆ ಪವರ್. ತಿದ್ದದ ಮೂಲ ನಂಬರ್ ಕೊಡಿ ಅಂತ ಕೇಳಿ ಪಡೆಯಿರಿ.

ಇದೆಲ್ಲ ಗೊಂದಲ ಅನ್ನಿಸಿದರೆ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್‌ನ ಲೇತ್ ಕಾರ್ಖಾನೆಯಲ್ಲಿ ದುಡಿದ ಹಿರಿಯ ಫಿಟ್ಟರ್ ಯಾರಾದರೂ ಸಿಕ್ಕಿದರೆ ಕೇಳಿ ನೋಡಿ. ಯಾವ ಮೀಟರ್, ಯಾವ ಸ್ಥಿತಿ ಅಂತ ಕೇಳದೆ ಅವರು ಅಳತೆಯನ್ನೇ ಒಪ್ಪಲ್ಲ.

ಡ್ರ್ಯಾಗ್ ಸ್ಟ್ರಿಪ್

ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈ ಟ್ರ್ಯಾಕ್, ಲೋಣಾವಳ ಬಳಿಯ ಆಂಬಿ ವ್ಯಾಲಿ ರನ್‌ವೇ, ಇಂಥ ಕಡೆ ಡ್ರ್ಯಾಗ್ ಸ್ಪರ್ಧೆಗಳು ನಡೆದಿವೆ. ಮಜಾ ಬೇಕಾದವರು ಹೋಗಬೇಕು. ಅಳತೆಗಾಗಿ ಅಂದರೆ 402 ಮೀಟರ್ ಓಡಲು ಹಿಡಿದ ಸಮಯ ನೋಡಬೇಡಿ, ಗೆರೆ ದಾಟುವಾಗಿನ ವೇಗ ನೋಡಿ. ಸಮಯದಲ್ಲಿ ಟೈರು, ಸ್ಟಾರ್ಟ್ ಎಲ್ಲ ಸೇರಿರುತ್ತದೆ, ಕೊನೆಯ ವೇಗ ಪವರಿಗೆ ಹತ್ತಿರ.

ಯಾವ ಕೆಲಸಕ್ಕೆ ಯಾವುದು

ಬರೀ ಏರ್ ಫಿಲ್ಟರ್ ಬದಲಾಯಿಸಿದ್ದರೆ ಏನನ್ನೂ ಅಳೆಯಬೇಡಿ. ಸ್ಟಾಕ್ ಕಾರಿನಲ್ಲಿ, ಅಂದರೆ ಕಂಪನಿಯಿಂದ ಬಂದ ಹಾಗೇ ಇರುವ ಕಾರಿನಲ್ಲಿ, ಅದರಿಂದ ಬರುವ ವ್ಯತ್ಯಾಸ ನಿಮ್ಮ ಓಟಗಳ ಏರುಪೇರಿನಲ್ಲೇ ಮುಳುಗಿಹೋಗುತ್ತದೆ. ಟರ್ಬೊ ಇಲ್ಲದ ಪೆಟ್ರೋಲ್ ಗಾಡಿಗೆ ರೀಮ್ಯಾಪ್ ಮಾಡಿಸುವವರಿಗೂ ನನ್ನ ಸಲಹೆ ಹೆಚ್ಚುಕಡಿಮೆ ಅದೇ. ಬರುವುದೇ ಸ್ವಲ್ಪ. ಅಳೆಯಲೇಬೇಕು ಅಂದರೆ ಡೈನೊ, ಅದೇ ದಿನ ಮೊದಲು ಮತ್ತು ಆಮೇಲೆ. ಟರ್ಬೊ ಡೀಸೆಲ್‌ಗೆ, ಟರ್ಬೊ ಪೆಟ್ರೋಲ್‌ಗೆ ಟ್ಯೂನಿಂಗ್ ಬಾಕ್ಸ್ ಅಥವಾ ಸ್ಟೇಜ್ 1 ಹಾಕಿಸಿದರೆ ಜಿಪಿಎಸ್ ಬಾಕ್ಸ್ ಸಾಕು, ವ್ಯತ್ಯಾಸ ನಿಜವಾಗಿ ಇದ್ದರೆ ಎದ್ದು ಕಾಣುತ್ತದೆ. ಟರ್ಬೊನೇ ಬದಲಾಯಿಸಿದ್ದರೆ ಮಾತ್ರ ಬೆಂಗಳೂರಿಗೆ ಹೊರಡಿ. ಆಟೊಮ್ಯಾಟಿಕ್ ಗಾಡಿಯವರು ಮ್ಯಾನುವಲ್ ಮೋಡ್‌ನಲ್ಲಿ ಗೇರ್ ಹಿಡಿದಿಟ್ಟುಕೊಳ್ಳಿ. ಪೂರ್ತಿ ಒತ್ತಿದಾಗ ಅದು ತಾನೇ ಕೆಳಗಿನ ಗೇರಿಗೆ ಇಳಿದುಬಿಟ್ಟರೆ ಆ ಓಟ ಲೆಕ್ಕಕ್ಕಿಲ್ಲ.

ಮೈಲೇಜ್ ಹೆಚ್ಚಾಯಿತು ಅನ್ನುವವರು ಡಿಸ್‌ಪ್ಲೇ ನೋಡಿ ಹೇಳುತ್ತಿರುತ್ತಾರೆ. ಟ್ಯೂನಿಂಗ್ ಬಾಕ್ಸ್ ಇಸಿಯುಗೆ ಸುಳ್ಳು ಹೇಳುತ್ತದೆ ಅಂದೆನಲ್ಲ, ಡಿಸ್‌ಪ್ಲೇ ಲೆಕ್ಕವೂ ಅದೇ ಇಸಿಯುವಿನದು. ಟ್ಯಾಂಕ್ ಫುಲ್ ಮಾಡಿಸಿ, ಓಡಿಸಿ, ಅದೇ ಬಂಕಿನ ಅದೇ ಪಂಪಿನಲ್ಲಿ ಮತ್ತೆ ಫುಲ್ ಮಾಡಿಸಿ ಭಾಗಿಸಿ ನೋಡಿ.

ದುಡ್ಡು ಕೊಡುವ ಮೊದಲು ಟ್ಯೂನರ್ ಹತ್ತಿರ ಎರಡು ಮಾತು ಬಾಯಿಬಿಟ್ಟು ಕೇಳಿ. ನನ್ನ ಗಾಡಿಯ ಸ್ಟಾಕ್ ಫೈಲ್ ಪೆನ್‌ಡ್ರೈವ್‌ನಲ್ಲಿ ಕೊಡುತ್ತೀರಾ? ಮೊದಲು-ಆಮೇಲೆ ಅಳೆಯುವಾಗ ಜೊತೆಗೆ ಬರುತ್ತೀರಾ? ಬರಲ್ಲ ಅಂದರೆ ಚೌಕಾಸಿ ಮಾಡಬೇಡಿ, ಬೇರೆಯವರನ್ನು ನೋಡಿ. ವಾರಂಟಿ ಇನ್ನೂ ಇರುವ ಗಾಡಿಯಾದರೆ, ಅದರಲ್ಲೂ ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಇರುವ ಬಿಎಸ್6 ಡೀಸೆಲ್ ಆದರೆ, ವಾರಂಟಿ ಮುಗಿಯುವ ತನಕ ಸುಮ್ಮನಿರುವುದೇ ವಾಸಿ. ಆ ಹೊತ್ತಿಗೆ ಸ್ಟಾಕ್ ಗಾಡಿಯ 40-80 ಸಮಯವನ್ನು ಬೇಸಿಗೆಯದೊಂದು, ಚಳಿಗಾಲದ್ದೊಂದು ಬರೆದಿಟ್ಟುಕೊಂಡಿರಿ.